ನಿಮಗಿದು ಗೊತ್ತೆ? ಮೂಗು ಬಿಡಿಸುವ ಹನಿಯೇ ಮೂಗು ಕಟ್ಟಿಸುತ್ತದೆ!

ಕಟ್ಟಿದ ಮೂಗನ್ನು ನಿಮಿಷಗಳಲ್ಲಿ ತೆರೆಯುವ ಹನಿಮದ್ದೇ, ಬಿಡದೆ ಬಳಸಿದರೆ ಮೂಗು ಕಟ್ಟಲು ಕಾರಣವಾಗುತ್ತದೆ. ವೈದ್ಯರು ಇದನ್ನು ‘ರೈನೈಟಿಸ್ ಮೆಡಿಕಮೆಂಟೋಸಾ’ ಎನ್ನುತ್ತಾರೆ. ಅಂದರೆ, ಔಷಧದಿಂದಲೇ ಬಂದ ಮೂಗಿನ ಊತ.

ಮೂಗು ಕಟ್ಟುವುದು ಸಿಂಬಳದಿಂದ ಮಾತ್ರವಲ್ಲ. ಒಳಪೊರೆಯ ರಕ್ತನಾಳಗಳು ಉಬ್ಬಿದರೂ ಗಾಳಿಯ ದಾರಿ ಕಿರಿದಾಗುತ್ತದೆ. ಜೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಹನಿಗಳು ಆ ನಾಳಗಳನ್ನು ಕುಗ್ಗಿಸುತ್ತವೆ. ಉಸಿರು ಸರಾಗ. ಪರಿಣಾಮ ಇಳಿದೊಡನೆ ನಾಳಗಳು ಮತ್ತೆ ಉಬ್ಬುತ್ತವೆ. ದಿನಗಟ್ಟಲೆ ಹಾಕಿಕೊಂಡರೆ ಊತ ಇನ್ನೂ ಹೆಚ್ಚುತ್ತದೆ. ಆಗ ಇನ್ನೆರಡು ಹನಿ, ಮತ್ತೆರಡು ಹನಿ. ನೆಗಡಿ ಎಂದೋ ಹೋಗಿರುತ್ತದೆ, ಬಾಟಲಿ ಮಾತ್ರ ದಿಂಬಿನ ಪಕ್ಕದಿಂದ ಕದಲುವುದಿಲ್ಲ. ವರ್ಷಗಟ್ಟಲೆ ಹೀಗೆ ಸಿಲುಕಿದವರಿದ್ದಾರೆ.

ಇದಕ್ಕೆ ಮದ್ದು, ಹನಿ ನಿಲ್ಲಿಸುವುದೇ. ಮೊದಲ ಕೆಲವು ರಾತ್ರಿ ಕಷ್ಟ, ನಿಜ. ಒಮ್ಮೆಗೇ ಬಿಡಲಾಗದವರು ಮೊದಲು ಒಂದು ಹೊಳ್ಳೆಗೆ ನಿಲ್ಲಿಸಿ, ಅದು ತೆರೆದ ಮೇಲೆ ಇನ್ನೊಂದಕ್ಕೆ ನಿಲ್ಲಿಸುವುದುಂಟು. ಈ ಅವಧಿಗೆ ವೈದ್ಯರು ಸಾಮಾನ್ಯವಾಗಿ ಮೂಗಿನ ಸ್ಟೆರಾಯ್ಡ್ ಸ್ಪ್ರೇ ಕೊಡುತ್ತಾರೆ. ಅದರಿಂದ ಇಂಥ ಮರುಊತ ಬರುವುದಿಲ್ಲ. ಉಪ್ಪುನೀರಿನಲ್ಲಿ ಮೂಗು ತೊಳೆಯುವುದೂ ಹಿತ. ಆದರೆ ನೀರು ಕುದಿಸಿ ಆರಿಸಿದ್ದೇ ಆಗಿರಬೇಕು.

ಅಲರ್ಜಿ, ಮೂಗಿನ ನಡುಗೋಡೆ ಸೊಟ್ಟಗಿರುವುದು, ಒಳಗೆ ಬೆಳೆದ ದುರ್ಮಾಂಸ ಇವೂ ಮೂಗನ್ನು ಕಟ್ಟಿಸಬಲ್ಲವು. ಹನಿ ಅವನ್ನು ಗುಣಪಡಿಸದು. ಹನಿ ಹಾಕುವುದಾದರೆ 3ರಿಂದ 5 ದಿನ ಸಾಕು. ಆಮೇಲೂ ಮೂಗು ಬಿಡದಿದ್ದರೆ ಔಷಧದಂಗಡಿಗಲ್ಲ, ದಯವಿಟ್ಟು ವೈದ್ಯರ ಬಳಿಗೆ ಹೋಗಿ.