ಹೊಳೆಯದ ಕಡೆ ಸೋರಿಕೆ

ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ಮುಟ್ಟುವುದು ಸುದ್ದಿಯೇ ಅಲ್ಲ. ಅಂಥ ಮಧ್ಯಾಹ್ನ ಬಹಮನಿ ಕೋಟೆಯ ಸುತ್ತಲಿನ ಮಾಳಿಗೆಗಳ ಮೇಲೆ ಸೌರಫಲಕವಿದ್ದರೆ, ಅದರ ಬಿಸಿ ಗಾಳಿಗಿಂತ 25 ಡಿಗ್ರಿಯಷ್ಟು ಹೆಚ್ಚಿರುತ್ತದೆ. ಫಲಕದಲ್ಲಿರುವ ಸಿಲಿಕಾನ್ ಒಂದಿಷ್ಟು ವಿದ್ಯುತ್ ಕಡಿಮೆ ಕೊಟ್ಟು ಇದನ್ನು ತಾಳಿಕೊಳ್ಳುತ್ತದೆ. ಅದರ ಪಕ್ಕದಲ್ಲಿ ಜಾಗ ಕೇಳುತ್ತಿರುವ ಪೆರೊವ್‌ಸ್ಕೈಟ್ ಎಂಬ ಸೌರಕೋಶದ ವಸ್ತು ತಾಳೀತೇ?

2009ರಲ್ಲಿ ಜಪಾನಿನ ತ್ಸುತೊಮು ಮಿಯಾಸಕ ತಂಡ ಮಾಡಿದ ಪೆರೊವ್‌ಸ್ಕೈಟ್ ಸೌರಕೋಶದ ದಕ್ಷತೆ ಶೇ 3.8. ಈಗ ಪ್ರಯೋಗಾಲಯದ ಪುಟ್ಟ ಕೋಶಗಳು ಶೇ 26 ದಾಟಿವೆ. ಸಿಲಿಕಾನ್ ಹರಳಿಗೆ 1,400 ಡಿಗ್ರಿ ಮೀರಿದ ಕುಲುಮೆ ಬೇಕು. ಪೆರೊವ್‌ಸ್ಕೈಟಿಗೋ, ದ್ರಾವಣವನ್ನು ಗಾಜಿನ ಮೇಲೆ ಹರಡಿ 100 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿದರೆ ಸಾಕು, ಕಪ್ಪು ಪದರ ಸಿದ್ಧ. ಸುಲಭವಾಗಿ ಆದದ್ದು ಸುಲಭವಾಗಿಯೇ ಕೆಡುತ್ತದೆ. ತೇವ, ಬಿಸಿ ತಗುಲಿ ಪದರ ಹಳದಿಯಾಯಿತೆಂದರೆ ಅಲ್ಲಿ ಉಳಿದಿರುವುದು ಸೀಸದ ಅಯೊಡೈಡ್. ಆ ಹಳದಿ ಕಣ್ಣಿಗೆ ಬೀಳುವಷ್ಟರಲ್ಲಿ ಕೋಶದ ಕಥೆ ಮುಗಿದಿರುತ್ತದೆ.

ಮೊದಲೇ ಪತ್ತೆ ಹಚ್ಚಬೇಕಾದರೆ ಕೋಶವನ್ನೇ ಹೊಳೆಯಿಸಬೇಕು. ಕತ್ತಲೆಯಲ್ಲಿ ಅದರ ಮೇಲೆ ನೀಲಿ ಬೆಳಕು ಬಿಟ್ಟರೆ, ಹೀರಿದ್ದರಲ್ಲಿ ಒಂದು ಪಾಲನ್ನು ಸುಮಾರು 770 ನ್ಯಾನೊಮೀಟರಿನ, ಕಂಡೂ ಕಾಣದ ಕಡುಗೆಂಪು ಬೆಳಕಾಗಿ ಹೊರಸೂಸುತ್ತದೆ. ಫಿಲ್ಟರ್ ನೀಲಿಯನ್ನು ತಡೆಯುತ್ತದೆ, ಕ್ಯಾಮೆರಾ ಕೆಂಪನ್ನಷ್ಟೇ ಹಿಡಿಯುತ್ತದೆ. ಇದು ಫೋಟೊಲ್ಯೂಮಿನೆಸೆನ್ಸ್. ಬೆಳಕಿನ ಬದಲು ವಿದ್ಯುತ್ ಹರಿಸಿ ಹೊಳೆಯಿಸಿದರೆ ಎಲೆಕ್ಟ್ರೊಲ್ಯೂಮಿನೆಸೆನ್ಸ್. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟಾಗಲೇ ಮಜಾ. ಮೊದಲನೆಯದರಲ್ಲಿ ಹೊಳೆದ ಜಾಗ ಎರಡನೆಯದರಲ್ಲಿ ಕಪ್ಪಾಗಿದ್ದರೆ ಪದರ ನೆಟ್ಟಗಿದೆ, ವಿದ್ಯುತ್ ಸಂಪರ್ಕದಲ್ಲಿ ಐಬಿದೆ ಎಂದು ಅನುಮಾನಿಸಬಹುದು. ಎರಡರಲ್ಲೂ ಕಪ್ಪಾದರೆ ಪದರದ ಮೇಲೆಯೇ ಗುಮಾನಿ.

ವಿದ್ಯುತ್ ಕೊಡಬೇಕಾದ ಕೋಶ ಬೆಳಕು ಚೆಲ್ಲಿದರೆ ನಷ್ಟವಲ್ಲವೇ ಎನ್ನಿಸಬಹುದು. ಲೆಕ್ಕ ಉಲ್ಟಾ! ಹೊಳಪು ಹತ್ತನೇ ಒಂದು ಪಾಲಿಗೆ ಇಳಿದರೆ ಕೋಶ ಕೊಡಬಲ್ಲ ಗರಿಷ್ಠ ವೋಲ್ಟೇಜಿನಲ್ಲಿ ಸುಮಾರು 60 ಮಿಲಿವೋಲ್ಟ್ ಖೋತಾ. ಮಂಕಾದ ಕಡೆ ಶಕ್ತಿ ತೂತು ಬಿದ್ದ ಕೊಡದ ನೀರಿನ ಹಾಗೆ ಸೋರಿ, ಬಿಸಿಯಾಗಿ ಹೋಗುತ್ತಿರುತ್ತದೆ. ಚೆನ್ನಾಗಿದೆ ಎಂದುಕೊಂಡ ಪದರದಲ್ಲೂ ಹರಳಿನಿಂದ ಹರಳಿಗೆ ಹೊಳಪು ಬೇರೆ ಬೇರೆ ಎಂದು 2015ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಜಿಂಜರ್ ತಂಡ ಸೂಕ್ಷ್ಮದರ್ಶಕದಲ್ಲಿ ತೋರಿಸಿತು.

ಕಲಬುರಗಿಗೆ ಬರುವುದಾದರೆ ತೊಡಕು ಇನ್ನೊಂದಿದೆ. ಮೀಥೈಲ್ ಅಮೋನಿಯಂ ಸೇರಿದ ಹಳೆಯ ಬಗೆಯ ಪೆರೊವ್‌ಸ್ಕೈಟ್ ಸುಮಾರು 55 ಡಿಗ್ರಿಯಲ್ಲಿ ಹರಳಿನ ರೂಪವನ್ನೇ ಬದಲಿಸುತ್ತದೆ. ಇಲ್ಲಿನ ಫಲಕ ಬೇಸಿಗೆಯಲ್ಲಿ ಆ ಗೆರೆಯನ್ನು ಬೆಳಿಗ್ಗೆ ಏರುತ್ತಾ ಒಮ್ಮೆ, ಸಂಜೆ ಇಳಿಯುತ್ತಾ ಒಮ್ಮೆ ದಾಟುತ್ತದೆ. ಅದಕ್ಕೇ ಈಗಿನ ಮಿಶ್ರಣಗಳಲ್ಲಿ ಫಾರ್ಮಾಮಿಡಿನಿಯಂ, ಸೀಸಿಯಂ ಸೇರಿಸುವುದು. ಫಲಕಗಳ ಅಂತಾರಾಷ್ಟ್ರೀಯ ಪರೀಕ್ಷೆಯಲ್ಲಿ ಮೈನಸ್ 40ರಿಂದ 85 ಡಿಗ್ರಿಯವರೆಗೆ 200 ಸುತ್ತುಗಳಿವೆ. ಮೈನಸ್ 40ರ ಚಿಂತೆ ಲಡಾಖಿನವರಿಗಿರಲಿ. ಕಲಬುರಗಿಯವರು ಕೇಳಬೇಕಾದದ್ದು 85ರಿಂದ ಇಳಿದ ಮೇಲೆ ತೆಗೆದ ಹೊಳಪಿನ ಚಿತ್ರವನ್ನು.