ಉತ್ತರ ಬರಲಿಲ್ಲ ಅಂದ ಮಾತ್ರಕ್ಕೆ ಸೋಮಾರಿಯೇ?

ಒಂದು ಕಾಲದಲ್ಲಿ ನಮ್ಮ ಕರಾವಳಿಯ ಮನೆಗಳಲ್ಲಿ ಹೊರದೇಶದ ಕೆಲಸ ಅಂದರೆ ಪಾಸ್‌ಪೋರ್ಟ್, ವೀಸಾ, ವಿಮಾನ. ಈಗ ಹಾಗೇನಿಲ್ಲ. ದೇರಳಕಟ್ಟೆಯಲ್ಲೋ ಉಪ್ಪಿನಂಗಡಿಯಲ್ಲೋ ಮನೆಯ ಚಾವಡಿಯಲ್ಲೇ ಕೂತು ದುಬೈ, ಲಂಡನ್, ನ್ಯೂಯಾರ್ಕ್‌ನವರ ಜೊತೆ ಒಂದೇ ತಂಡದಲ್ಲಿ ದುಡಿಯುವ ಮಕ್ಕಳಿದ್ದಾರೆ. ಒಟ್ಟಿಗೆ ಕೂತು ಒಂದು ಚಾ ಕುಡಿಯದ ಸಹೋದ್ಯೋಗಿಗಳು ಇವರು. ಇಂಥ ತಂಡದಲ್ಲಿ ‘ನಾವು’ ಮತ್ತು ‘ಅವರು’ ಎಂಬ ಗೆರೆ ಬಹಳ ಬೇಗ ಬೀಳುತ್ತದೆ.

ಗೆರೆ ಬೀಳಲು ದ್ವೇಷವೇ ಬೇಕೆಂದಿಲ್ಲ. ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ ಮನಶ್ಶಾಸ್ತ್ರಜ್ಞ ಹೆನ್ರಿ ತಾಜ್ಫೆಲ್ 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಒಂದು ಪ್ರಯೋಗ ಮಾಡಿದರು. 14-15 ವರ್ಷದ ಶಾಲಾ ಹುಡುಗರಿಗೆ ಚುಕ್ಕಿಗಳನ್ನು ತೋರಿಸಿ ಎಷ್ಟಿವೆ ಎಂದು ಕೇಳಿದರು. ‘ಜಾಸ್ತಿ ಹೇಳಿದವರು’, ‘ಕಡಿಮೆ ಹೇಳಿದವರು’ ಎಂದು ಎರಡು ಗುಂಪು ಮಾಡಿದರು. ನಿಜಕ್ಕೂ ಅದು ಚೀಟಿ ಎತ್ತಿದ ಹಾಗೆ ಮಾಡಿದ ವಿಂಗಡಣೆ. ಆದರೂ ಹಣ ಹಂಚಲು ಹೇಳಿದಾಗ ಹುಡುಗರು ತಮ್ಮ ಗುಂಪಿನವನಿಗೇ ಹೆಚ್ಚು ಕೊಟ್ಟರು. ಆ ಗುಂಪಿನಲ್ಲಿ ಯಾರಿದ್ದಾರೆ ಅಂತಲೂ ಅವರಿಗೆ ಗೊತ್ತಿರಲಿಲ್ಲ!

ಚುಕ್ಕಿಗೇ ಹೀಗಾದರೆ ದೇಶ, ಭಾಷೆ, ಗಡಿಯಾರ ಬೇರೆ ಬೇರೆ ಇರುವಲ್ಲಿ ಕೇಳಬೇಕೇ? ಅಮೆರಿಕದ ಸಂಶೋಧಕಿ ಕ್ಯಾಥರೀನ್ ಕ್ರಾಮ್ಟನ್ ದೂರ ದೂರದ ವಿದ್ಯಾರ್ಥಿಗಳ 13 ತಂಡಗಳನ್ನು ಪರಿಶೀಲಿಸಿ 2001ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅದರ ಸಾರ ಇಷ್ಟು: ದೂರದವನ ಪರಿಸ್ಥಿತಿ ನಮಗೆ ಕಾಣುವುದಿಲ್ಲ. ರಜೆಯೋ, ಸಂದೇಶವೇ ತಲುಪಿಲ್ಲವೋ ಗೊತ್ತಾಗದು. ಆಗ ಪರಿಸ್ಥಿತಿಯನ್ನು ಬಿಟ್ಟು ಮನುಷ್ಯನನ್ನೇ ದೂರುತ್ತೇವೆ.

ನಮ್ಮ ಮಕ್ಕಳ ಲೆಕ್ಕವನ್ನೇ ನೋಡಿ. ಯುಎಇಯಲ್ಲಿ 2022ರಿಂದ ಸರಕಾರಿ ಕಚೇರಿಗಳಿಗೆ ಶುಕ್ರವಾರ ಅರ್ಧ ದಿನ ಕೆಲಸ, ಶನಿವಾರ-ಆದಿತ್ಯವಾರ ರಜೆ. ಸೌದಿಯಲ್ಲಿ ಶುಕ್ರವಾರ-ಶನಿವಾರ ರಜೆ. ಚಳಿಗಾಲದಲ್ಲಿ ನ್ಯೂಯಾರ್ಕ್‌ನ ಬೆಳಿಗ್ಗೆ ಹತ್ತು ಗಂಟೆ ಅಂದರೆ ನಮಗೆ ರಾತ್ರಿ ಎಂಟೂವರೆ. ರಮಝಾನ್ ಆದರೆ ತರಾವೀಹ್‌ನ ಹೊತ್ತು. ಇಲ್ಲಿಯವ ಮೀಟಿಂಗಿಗೆ ಬರದಿದ್ದರೆ ಅಲ್ಲಿ ‘ಆಸಕ್ತಿ ಇಲ್ಲದವ’ ಎಂಬ ಹೆಸರು. ಅದು ಒಬ್ಬನ ಮೇಲೆ ನಿಲ್ಲುವುದಿಲ್ಲ, ‘ಇಂಡಿಯಾದವರೇ ಹೀಗೆ’ ಅಂತಾಗುತ್ತದೆ. ಬಡ್ತಿಯ ಸಮಯದಲ್ಲಿ ಇಂಥ ಹೆಸರೇ ಅಡ್ಡ ಬರಬಹುದು.

ನಾವೂ ಕಡಿಮೆಯವರಲ್ಲ. ಅವರು ನೇರವಾಗಿ ‘ಇದು ಸರಿಯಿಲ್ಲ’ ಅಂದರೆ ‘ಬಿಳಿಯರಿಗೆ ಅಹಂಕಾರ’ ಅನ್ನುತ್ತೇವೆ. ನೆದರ್ಲೆಂಡ್ಸ್‌ನವನಿಗೆ ಅದು ಮುಚ್ಚುಮರೆ ಇಲ್ಲದ ಮಾತು ಅಷ್ಟೆ. ನಾವು ಮರ್ಯಾದೆಗೆ ‘ಆಯ್ತು ಸರ್’ ಅಂದದ್ದು ಅವನಿಗೆ ಒಪ್ಪಿಗೆಯಾಗಿ ಕೇಳಿಸುತ್ತದೆ. ಕೆಲಸ ಆಗದಿದ್ದಾಗ ನಾವೇ ಸುಳ್ಳುಗಾರರು.

ಪರಿಹಾರ ದೊಡ್ಡದೇನಲ್ಲ. ಹಬ್ಬ, ರಜೆ, ನಮಾಝಿನ ಸಮಯವನ್ನು ಮೊದಲೇ ತಂಡದ ಕ್ಯಾಲೆಂಡರಿನಲ್ಲಿ ಹಾಕಿ. ಅವರದ್ದನ್ನೂ ಕೇಳಿ ತಿಳಿಯಿರಿ. ಹೊತ್ತಲ್ಲದ ಹೊತ್ತಿನ ಮೀಟಿಂಗ್ ಸರದಿಯಲ್ಲಿ ಎಲ್ಲರಿಗೂ ಬರಲಿ. ಆಗದ ಕೆಲಸವನ್ನು ಆಗದು ಅನ್ನಿ. ‘ಸಿಕ್ಕಿತು, ನಾಳೆ ಹೇಳುತ್ತೇನೆ’ ಎಂಬ ಒಂದು ಸಾಲು ಬರೆಯಲು ಎಷ್ಟು ಹೊತ್ತು ಬೇಕು?

ಅತ್ತ ಕಡೆಯವ ಸುಮ್ಮನಿದ್ದರೆ ಹೆಸರಿಡುವ ಮೊದಲು ‘ಏನಾಯ್ತು, ಎಲ್ಲ ಕ್ಷೇಮವೇ?’ ಎಂದು ವಿಚಾರಿಸೋಣ. ನೆರೆಮನೆಯ ಬಾಗಿಲು ಎರಡು ದಿನ ತೆರೆಯದಿದ್ದರೆ ನಾವು ಮಾಡುವುದು ಅದನ್ನೇ ಅಲ್ವಾ?