ಕ್ಯಾನುಲಾ ಬದಲಾವಣೆ: ಪ್ರಶ್ನೆ ಬದಲಾದರೆ ಉತ್ತರವೂ ಬೇರೆ

ಆಸ್ಪತ್ರೆಯಲ್ಲಿ ಡ್ರಿಪ್ಸ್ ಹಾಕಿಸಿಕೊಂಡವರಿಗೆಲ್ಲ ಕೈಗೆ ಚುಚ್ಚುವ ಕ್ಯಾನುಲಾದ ಪರಿಚಯವುಂಟು. ಮೂರು-ನಾಲ್ಕು ದಿನಗಳಿಗೊಮ್ಮೆ ಅದನ್ನು ತೆಗೆದು ಬೇರೆಡೆ ಹೊಸದನ್ನು ಹಾಕುವುದು ಅನೇಕ ಆಸ್ಪತ್ರೆಗಳಲ್ಲಿ ಬಹುಕಾಲ ನಡೆದುಬಂದ ರೂಢಿ. ರೋಗಿಗೆ ಮತ್ತೆ ನೋವು, ದಾದಿಗೆ ಮತ್ತೆ ಕೆಲಸ. ಇದು ನಿಜಕ್ಕೂ ಅಗತ್ಯವೇ?

‘ಕ್ಯಾನುಲಾದ ತೊಂದರೆ ತಡೆಯುವುದು ಹೇಗೆ’ ಎಂದು ಹುಡುಕಿದರೆ ಲೇಖನಗಳ ರಾಶಿಯೇ ಸಿಗುತ್ತದೆ. ವಾರ್ಡಿನಲ್ಲಿ ನಾಳೆ ಏನು ಮಾಡಬೇಕೆಂಬುದು ಮಾತ್ರ ಸಿಗದು. ಆದ್ದರಿಂದಲೇ ಪುರಾವೆ ಆಧಾರಿತ ಶುಶ್ರೂಷೆಯಲ್ಲಿ ಪ್ರಶ್ನೆಯನ್ನು ‘ಪಿಕೊ’ ಎಂಬ ಚೌಕಟ್ಟಿನಲ್ಲಿ ಕಟ್ಟಲಾಗುತ್ತದೆ. 1995ರಲ್ಲಿ ರಿಚರ್ಡ್‌ಸನ್ ಮತ್ತು ಸಂಗಡಿಗರು ವೈದ್ಯರಿಗಾಗಿ ವಿವರಿಸಿದ ಈ ಕ್ರಮ ಕೇಳುವುದು ನಾಲ್ಕೇ ಸಂಗತಿ: ರೋಗಿಗಳು ಯಾರು, ಪರೀಕ್ಷಿಸಬೇಕಾದ ಕ್ರಮ ಯಾವುದು, ಹೋಲಿಕೆ ಯಾವುದರೊಂದಿಗೆ, ಅಳೆಯುವ ಪರಿಣಾಮ ಯಾವುದು.

ಆಸ್ಟ್ರೇಲಿಯಾದ ಶುಶ್ರೂಷಾ ಸಂಶೋಧಕಿ ಕ್ಲೇರ್ ರಿಕಾರ್ಡ್ ಮತ್ತು ಸಂಗಡಿಗರ ಅಧ್ಯಯನವನ್ನು ಈ ಚೌಕಟ್ಟಿನಲ್ಲಿಟ್ಟು ನೋಡಬಹುದು. ನಾಲ್ಕು ದಿನಕ್ಕಿಂತ ಹೆಚ್ಚು ಕಾಲ ಕ್ಯಾನುಲಾ ಬೇಕಾಗಬಹುದಾದ ವಯಸ್ಕರಲ್ಲಿ, ಲಕ್ಷಣ ಕಂಡಾಗ ಮಾತ್ರ ಬದಲಿಸಿದರೆ, ಮೂರನೆಯ ದಿನ ಕಡ್ಡಾಯವಾಗಿ ಬದಲಿಸುವುದಕ್ಕೆ ಹೋಲಿಸಿದಾಗ, ರಕ್ತನಾಳದ ಉರಿಯೂತ ಹೆಚ್ಚುವುದೇ? ಕ್ವೀನ್ಸ್‌ಲ್ಯಾಂಡ್‌ನ ಮೂರು ಆಸ್ಪತ್ರೆಗಳ 3,283 ರೋಗಿಗಳಲ್ಲಿ ದೊರೆತ ಉತ್ತರ 2012ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಎರಡೂ ಗುಂಪುಗಳಲ್ಲಿ ಉರಿಯೂತ ಕಂಡದ್ದು ಶೇ 7ರಷ್ಟು ಮಂದಿಯಲ್ಲಿ. ಗಡಿಯಾರ ನೋಡಿ ಸೂಜಿ ಚುಚ್ಚುವ ರೂಢಿಗೆ ಇದು ದೊಡ್ಡ ಪೆಟ್ಟೇ ಸರಿ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಜಿನೀವಾ ವಿಶ್ವವಿದ್ಯಾಲಯದ ಆಸ್ಪತ್ರೆಗಳು 2018ರಲ್ಲಿ ಲಕ್ಷಣ ನೋಡಿ ಬದಲಿಸುವ ಕ್ರಮಕ್ಕೆ ಹೊರಳಿದವು. ಅಲ್ಲಿ ಅಳೆದದ್ದು ಉರಿಯೂತವನ್ನಲ್ಲ, ರಕ್ತಕ್ಕೆ ತಗಲುವ ಸೋಂಕನ್ನು. ಇದು ಅಪರೂಪದ, ಆದರೆ ಜೀವಕ್ಕೇ ಎರವಾಗಬಲ್ಲ ತೊಂದರೆ. ಕೆಲವು ಸಾವಿರ ರೋಗಿಗಳ ಅಧ್ಯಯನದಲ್ಲಿ ಅದರ ಏರಿಳಿತ ಸುಲಭವಾಗಿ ಕಣ್ಣಿಗೆ ಬೀಳದು. ನಾಲ್ಕು ಲಕ್ಷಕ್ಕೂ ಹೆಚ್ಚು ಕ್ಯಾನುಲಾಗಳ ದಾಖಲೆ ಪರಿಶೀಲಿಸಿದಾಗ, ಹೊಸ ಕ್ರಮದ ಅವಧಿಯಲ್ಲಿ ಸೋಂಕು ಹೆಚ್ಚಿದ್ದು ಕಂಡುಬಂತು. ಆಸ್ಪತ್ರೆಗಳು ಹಳೆಯ ಪದ್ಧತಿಗೆ ಮರಳಿದವು. ಈ ವರದಿ ಪ್ರಕಟವಾದದ್ದು 2021ರಲ್ಲಿ.

ಜಿನೀವಾದ್ದು ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚಿ ನಡೆಸಿದ ಪ್ರಯೋಗವಲ್ಲ, ಬೇರೆ ಬೇರೆ ಅವಧಿಗಳ ಹೋಲಿಕೆ. ಆ ಮಟ್ಟಿಗೆ ಅದರ ಸಾಕ್ಷ್ಯ ದುರ್ಬಲ. ಆದರೂ ಪ್ರಶ್ನೆಯ ಮೊದಲ ಮೂರು ಅಂಗಗಳು ಬಹುಪಾಲು ಒಂದೇ ಇದ್ದು ನಾಲ್ಕನೆಯದು ಬದಲಾದಾಗ ಉತ್ತರ ಬೇರೆ ದಿಕ್ಕಿಗೆ ಹೊರಳಿತೆಂಬುದು ಗಮನಾರ್ಹ. ಹೀಗಾಗಿ ‘ತೊಂದರೆ’ ಎಂಬ ಸಡಿಲ ಪದಕ್ಕೆ ಇಲ್ಲಿ ಜಾಗವಿಲ್ಲ. ನೋವೇ, ಊತವೇ, ನಂಜೇ ಎಂಬುದನ್ನು ದಾದಿ ಹುಡುಕಾಟಕ್ಕೆ ತೊಡಗುವ ಮುನ್ನವೇ ಬರೆದಿಟ್ಟುಕೊಳ್ಳಬೇಕಾಗುತ್ತದೆ.